ಒಂದು ಜೀವವೂ ಹೋಗಿಲ್ಲ ಎಂದು ಬರೆದವಳು

ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂಬ ಹೊಗಳಿಕೆಯೇ ಕೊನೆಗೆ ನನ್ನ ಕುತ್ತಿಗೆಗೆ ಬಂತು. ತೊಂಬತ್ತರ ದಶಕದ ಅಬುಧಾಬಿಯಲ್ಲಿ ನಮ್ಮ ಕೊಡವರ ಮನೆಗಳು ಬೆರಳೆಣಿಕೆಯಷ್ಟು. ಯಾರಿಗೆ ಯಾವ ಅರ್ಜಿ ಬೇಕಾದರೂ ನನ್ನ ಹತ್ತಿರವೇ ಬರುತ್ತಿದ್ದರು. ರಜೆಗೆ ಅರ್ಜಿ, ಮಕ್ಕಳ ಶಾಲೆಯ ಸೀಟಿಗೆ ಅರ್ಜಿ, ಸೋರುವ ಏಸಿಯ ಬಗ್ಗೆ ಮನೆ ಮಾಲೀಕನಿಗೆ ದೂರು. ನಾನು ಒಂದು ಕಟ್ಟಡ ಕಂಪನಿಯಲ್ಲಿ ಸೆಕ್ರೆಟರಿ. ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲೇ ಟೈಪ್ ಮಾಡಿ, ಆಫೀಸಿನ ಕಾಗದದಲ್ಲೇ ಪ್ರಿಂಟ್ ತೆಗೆದು ಕೊಡುತ್ತಿದ್ದೆ. ಆಗುವುದಿಲ್ಲ ಎಂದು ಒಬ್ಬರಿಗೂ ಹೇಳಿದವಳಲ್ಲ. ಒಳಗೊಳಗೆ ಜಂಭವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಬಂದದ್ದು ಕೋವಿಯ ಅರ್ಜಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕೋವಿ ಇಟ್ಟುಕೊಳ್ಳಲು ನಮ್ಮ ಜನಕ್ಕೆ ಬೇರೆಯವರಂತೆ ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿ ಅದು. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸದ್ದು ಎಣಿಸಿಯೇ ಊರಿನವರು ಹುಟ್ಟೋ ಸಾವೋ ತಿಳಿದುಕೊಳ್ಳುತ್ತಾರೆ. ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯನ್ನು ಒರೆಸಿ, ಗಂಧ ಹಚ್ಚಿ, ನಳಿಗೆಯ ತುದಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಲೈಸೆನ್ಸ್ ಬೇಡವೆಂದರೂ ಕೆಲವು ಕಟ್ಟುಪಾಡುಗಳು ಉಳಿದಿದ್ದವು. ಕಚೇರಿಗೆ ಅಲೆದು ವಿನಾಯಿತಿ ಪತ್ರ ಮಾಡಿಸಬೇಕು, ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ಅನ್ನುತ್ತಾರೆ. ಇವನ್ನೆಲ್ಲ ರದ್ದು ಮಾಡಲು ಒಂದು ಮಸೂದೆ ತರುತ್ತಾರಂತೆ, ಹೊರದೇಶದಲ್ಲಿರುವ ನಮ್ಮವರೂ ಸಹಿ ಹಾಕಿ ಅರ್ಜಿ ಕಳಿಸಿದರೆ ಅದಕ್ಕೆ ಬಲ ಬರುತ್ತದಂತೆ ಎಂದು ಊರಿನಿಂದ ಸುದ್ದಿ ಬಂತು. ಆ ಪ್ರಸ್ತಾಪ ಎಷ್ಟರ ಮಟ್ಟಿಗೆ ನಿಜವಿತ್ತೋ, ಯಾರ ಬಾಯಲ್ಲಿ ಹುಟ್ಟಿತ್ತೋ, ನನಗೆ ಈಗಲೂ ಗೊತ್ತಿಲ್ಲ. ಆದರೆ ಅಬುಧಾಬಿಯಲ್ಲಿ ನಾವು ಅದನ್ನು ಪೂರ್ತಿ ನಂಬಿದೆವು.

ತಮಾಷೆ ನೋಡಿ. ನಾವು ಇದ್ದ ದೇಶದಲ್ಲಿ ಮಗುವಿನ ಆಟಿಕೆ ಪಿಸ್ತೂಲನ್ನು ಸೂಟ್‌ಕೇಸಿನಲ್ಲಿ ತರಲೂ ಏರ್‌ಪೋರ್ಟಿನಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಕೋವಿ ಇಲ್ಲದೆ ನಾವೆಲ್ಲ ವರ್ಷಗಟ್ಟಲೆ ಸುಖವಾಗಿಯೇ ಬದುಕಿದ್ದೆವು. ಆದರೂ ಊರಿನ ಕೋವಿಯ ಸುದ್ದಿ ಬಂದದ್ದೇ ತಡ, ಒಬ್ಬೊಬ್ಬರ ಮೀಸೆಯೂ ನೆಟ್ಟಗಾಯಿತು.

ಎಲ್ಲರಿಗಿಂತ ಹೆಚ್ಚು ಹುಮ್ಮಸ್ಸು ಸುಬೇದಾರ್ ಅಂಕಲ್‌ಗೆ. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಇಲ್ಲಿ ಒಂದು ಗೋದಾಮಿನ ಸೆಕ್ಯುರಿಟಿ ಸೂಪರ್‌ವೈಸರ್. ಕೈಯಲ್ಲಿ ಟಾರ್ಚು, ಸೊಂಟದಲ್ಲಿ ವಾಕಿಟಾಕಿ, ಅಷ್ಟೇ ಆಯುಧ. ನನ್ನ ಗಂಡನಿಗೆ ಈ ದೇಶದಲ್ಲಿ ಮೊದಲ ಕೆಲಸ ಕೊಡಿಸಿದವರು ಅವರು. ನನಗೆ ಟೈಫಾಯ್ಡ್ ಆದಾಗ ಹತ್ತು ದಿನ ಗಂಜಿ ಹೊತ್ತು ತಂದವರು ಅವರ ಹೆಂಡತಿ. ಅಂಥವರು ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲಾಟಿಗೆ ಬಂದು, ಸೋಫಾದ ಮೇಲೆ ನೆಟ್ಟಗೆ ಕೂತು, "ಮಗಳೇ, ಪೆನ್ನು ತೆಗಿ" ಅಂದರೆ ತೆಗೆಯದೆ ಇರಲು ಆಗುತ್ತದೆಯೇ?

ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ನಮ್ಮ ಹಿರಿಯರ ಶೌರ್ಯ, ಸೈನ್ಯದಲ್ಲಿ ನಮ್ಮವರ ಸೇವೆ, ಕೋವಿಗೂ ನಮಗೂ ಇರುವ ಸಂಬಂಧ. ಆಮೇಲೆ ಬೆರಳೆತ್ತಿ ಹೇಳಿದರು: "ಇದನ್ನ ದಪ್ಪಕ್ಷರದಲ್ಲಿ ಹಾಕು. ನಮ್ಮ ಮನೆಗಳಲ್ಲಿ ಕೋವಿಯಿಂದ ಇವತ್ತಿನವರೆಗೆ ಒಂದು ಜೀವವೂ ಹೋಗಿಲ್ಲ."

ನನ್ನ ಪೆನ್ನು ನಿಂತಿತು. ಎದುರಿಗೆ ಕೂತಿದ್ದ ನನ್ನ ಗಂಡ ಟೀಪಾಯಿಯ ಮೇಲಿನ ಪೇಪರನ್ನು ಎತ್ತಿ ಮುಖಕ್ಕೆ ಹಿಡಿದರು.

ನನ್ನ ತಮ್ಮ ಸತ್ತು ಆಗ ಎಂಟು ವರ್ಷ. ಹತ್ತೊಂಬತ್ತು ವಯಸ್ಸಿನವನು, ಕಾಲೇಜಿನ ರಜೆಗೆ ಮನೆಗೆ ಬಂದಿದ್ದ. ಹಂದಿ ಗದ್ದೆಗೆ ನುಗ್ಗುತ್ತಿದೆ ಎಂದು ಅಪ್ಪ ಬೆಳಗಿನ ಜಾವ ಕೋವಿ ಹಿಡಿದು ಹೋಗಿದ್ದರು. ಹಂದಿ ಸಿಗಲಿಲ್ಲ. ವಾಪಸು ಬಂದವರು ಒಳಗಿನ ಕಾಡತೂಸನ್ನು ತೆಗೆಯದೆ ಕೋವಿಯನ್ನು ಜಗಲಿಯ ಕಂಬಕ್ಕೆ ಒರಗಿಸಿ ಸ್ನಾನಕ್ಕೆ ಹೋದರು. ತಮ್ಮ ಅದನ್ನು ಎತ್ತಿ ಗೋಡೆಯ ಗೂಟಕ್ಕೆ ಹಾಕಲು ಹೋದ. ಆಕಸ್ಮಿಕ ಎಂದು ಪೊಲೀಸರು ಬರೆದುಕೊಂಡರು. ಅಪ್ಪ ಆಮೇಲೆ ಎರಡು ವರ್ಷ ಬದುಕಿದ್ದರು, ಅದನ್ನು ಬದುಕು ಅನ್ನುವುದಾದರೆ. ಈ ಸಂಗತಿಯನ್ನು ಅಬುಧಾಬಿಯಲ್ಲಿ ನಾವು ಯಾರಿಗೂ ಹೇಳಿರಲಿಲ್ಲ. ತಮ್ಮ ಇದ್ದನಾ ಎಂದು ಯಾರಾದರೂ ಕೇಳಿದರೆ, ಇದ್ದ, ಹೋಗಿಬಿಟ್ಟ ಎನ್ನುತ್ತಿದ್ದೆ. ಜ್ವರವೋ ಬೈಕೋ ಎಂದು ಅವರವರೇ ಊಹಿಸಿಕೊಂಡು ಸುಮ್ಮನಾಗುತ್ತಿದ್ದರು. ಸುಬೇದಾರ್ ಅಂಕಲ್ ಜಿಲ್ಲೆಯ ಇನ್ನೊಂದು ತುದಿಯವರು, ಅವರಿಗೂ ಗೊತ್ತಿರಲಿಲ್ಲ.

"ಅಂಕಲ್, ಆ ಸಾಲು ಬೇಡ" ಎಂದು ನಾಲ್ಕು ಪದ ಹೇಳಿದ್ದರೆ ಮುಗಿಯುತ್ತಿತ್ತು. ಒಳ್ಳೆಯ ಮನುಷ್ಯ, ತಕ್ಷಣ ಬಿಟ್ಟುಬಿಡುತ್ತಿದ್ದರು. ಆದರೆ ಯಾಕೆ ಎಂದು ಕೇಳುತ್ತಿದ್ದರು. ಕೇಳಿದರೆ ಅಪ್ಪನ ತಪ್ಪನ್ನು ಹೇಳಬೇಕು. ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು, ಊರಿನಿಂದ ಬಂದಿದ್ದ ಅವ್ವ ಅಲ್ಲೇ ಇದ್ದಳು. ನಾನು ಹೊಟ್ಟೆಯಲ್ಲಿ ಏಳು ತಿಂಗಳ ಮಗುವನ್ನು ಹೊತ್ತುಕೊಂಡು, ತಲೆ ತಗ್ಗಿಸಿ, ಆ ಸಾಲನ್ನು ಬರೆದೆ.

ಅವರು ಹೋದ ಮೇಲೆ ಗಂಡನ ಮೇಲೆ ರೇಗಿದೆ. "ನೀವಾದರೂ ಬಾಯಿ ಬಿಡಬಹುದಿತ್ತಲ್ಲ? ಪೇಪರ್ ಓದ್ತಿದ್ರಂತೆ ಪೇಪರು!"

"ಒಂದು ಸಾಲು ತಾನೇ, ಬಿಡು ಮಾರಾಯ್ತಿ. ಅಲ್ಲಿ ಯಾರು ಓದ್ತಾರೆ ಅದನ್ನ? ಹತ್ತರ ಜೊತೆ ಹನ್ನೊಂದನೇ ಅರ್ಜಿ, ಖಲಾಸ್" ಅಂದರು.

ಮರುದಿನ ಟೈಪ್ ಮಾಡಿದೆ. ದಪ್ಪಕ್ಷರದಲ್ಲಿಯೇ ಮಾಡಿದೆ. ಆ ಇಂಗ್ಲಿಷ್ ವಾಕ್ಯ ಎಷ್ಟು ಚೆನ್ನಾಗಿ ಬಂದಿತ್ತು ಎಂದರೆ, ಬರೆದವಳಿಗೇ ಒಂದು ಕ್ಷಣ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅವ್ವ ನನ್ನ ಬಾಣಂತನಕ್ಕೆ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅಪ್ಪ ಹೋದ ಮೇಲೆ ಊರಿನಲ್ಲಿ ನನ್ನ ಅಣ್ಣನ ಜೊತೆಗಿದ್ದವಳು, ವಿಮಾನ ಹತ್ತಿದ್ದು ಅದೇ ಮೊದಲು. ಮಾಂಸದ ಸಾರಿಗೆ ಹಾಕುವ ಕಾಚಂಪುಳಿಯ ಬಾಟಲಿಯನ್ನು ಮೂರು ಸೀರೆಯಲ್ಲಿ ಸುತ್ತಿ ತಂದಿದ್ದಳು. ಹತ್ತನೇ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿ, "ಇಗ್ಗುತ್ತಪ್ಪಾ, ಇಷ್ಟು ಮೇಲೆ ಯಾಕೆ ಮನೆ ಮಾಡಿದ್ರಿ" ಎಂದು ಎರಡು ದಿನ ಕಿಟಕಿಯ ಹತ್ತಿರ ಸುಳಿದಿರಲಿಲ್ಲ. ಮೂರನೆಯ ದಿನದಿಂದ ಕೆಳಗಿನ ಮಲಬಾರಿ ಅಂಗಡಿಯವನಿಗೆ ಹಗ್ಗದಲ್ಲಿ ಬುಟ್ಟಿ ಇಳಿಸಬಹುದಲ್ಲ ಎಂದು ಯೋಚಿಸತೊಡಗಿದ್ದಳು.

ಬುಧವಾರ ಸಂಜೆ ಸುಬೇದಾರ್ ಅಂಕಲ್ ಅರ್ಜಿ ಹಿಡಿದು ಬಂದರು. "ಇಡೀ ಅಬುಧಾಬಿಯಲ್ಲಿ ಈಗ ನಮ್ಮವರಲ್ಲಿ ಹಿರಿಯರು ಅಂದ್ರೆ ನೀವೇ ಅಕ್ಕ. ಮೊದಲ ಸಹಿ ನಿಮ್ಮದು" ಎಂದರು. ಹಾಗೆಂದು ಕಂಪನಿಯ ಡ್ರೈವರನಿಗೆ ಫೋನ್ ಮಾಡಲು ಒಳಗಿನ ಕೋಣೆಗೆ ಹೋದರು.

ಅವ್ವ ಕೈ ಒರೆಸಿಕೊಂಡು ಬಂದು ಕೂತಳು. ಅವಳಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಇಲ್ಲ. "ಏನು ಬರೆದಿದೆ, ಓದಿ ಹೇಳು."

ನಾನು ಒಂದೊಂದೇ ವಾಕ್ಯವನ್ನು ನಮ್ಮ ಮಾತಿನಲ್ಲಿ ಹೇಳಿದೆ. ದಪ್ಪಕ್ಷರದ ಸಾಲು ಬಂದಾಗ ಅದನ್ನು ಹಾರಿ ಮುಂದಿನದಕ್ಕೆ ಹೋದೆ. ನನ್ನ ದನಿ ನಡುಗಲಿಲ್ಲ. ಅದೇ ನನಗೆ ಆಶ್ಚರ್ಯ.

"ಇಷ್ಟೇನಾ?"

"ಇಷ್ಟೇ ಅವ್ವ."

ಅವಳು ಪೆನ್ನು ಹಿಡಿದು, ಮತ್ತೆ ಕಾಗದದ ಮೇಲೆ ಇಟ್ಟಳು. ಸಹಿ ಹಾಕುವುದಿಲ್ಲ ಅನ್ನುತ್ತಾಳೆ ಎಂದುಕೊಂಡೆ. ಹಾಗೆ ಅಂದಿದ್ದರೆ ಎಷ್ಟು ಚೆನ್ನಾಗಿತ್ತು. "ಕೋವಿ ಏನು ಮಾಡ್ತದೆ ಪಾಪ, ಇಟ್ಟವರು ಇಟ್ಟ ಹಾಗೆ ಇರ್ತದೆ" ಎಂದಳು. "ನಿನ್ನ ಅಪ್ಪನಿಗೆ ಅದು ಅಂದ್ರೆ ಜೀವ. ಅವರು ಇದ್ದಿದ್ರೆ ಹಾಕ್ತಿದ್ರು. ಹಾಕ್ತೇನೆ. ಆದ್ರೆ ಒಂದು ಮಾತು ಸೇರಿಸ್ಲಿಕ್ಕೆ ಹೇಳು ಅವರಿಗೆ. ಒಳಗೆ ಕಾಡತೂಸು ಬಿಟ್ಟು ಯಾರೂ ಮನೆಯೊಳಗೆ ಇಡಬಾರದು ಅಂತ. ಅದನ್ನ ಕಾನೂನಿನಲ್ಲೇ ಬರೀಲಿ."

"ಆಯ್ತು, ಹೇಳ್ತೇನೆ" ಎಂದೆ. ಹೇಳಲಿಲ್ಲ. ಅರ್ಜಿ ಮರುದಿನವೇ ಊರಿಗೆ ಹೋಗುವವರ ಕೈಯಲ್ಲಿ ಹೋಗಬೇಕಿತ್ತು, ಮತ್ತೆ ಟೈಪ್ ಮಾಡಿ ಎಲ್ಲರ ಸಹಿ ಹಾಕಿಸಲು ಸಮಯವಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅವ್ವ ಕನ್ನಡದಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ತನ್ನ ಹೆಸರು ಬರೆದಳು.

ಶುಕ್ರವಾರ ಪಟ್ಟಣದ ಹೊರಗಿನ ಬನಿಯಾಸ್‌ನಲ್ಲಿ ಸುಬೇದಾರ್ ಅಂಕಲ್ ಬಾಡಿಗೆಗೆ ಹಿಡಿದಿದ್ದ ಹಳೆಯ ವಿಲ್ಲಾದಲ್ಲಿ ಕೈಲ್ ಪೊಳ್ದ್. ಇಲ್ಲಿ ಕೋವಿ ಇಲ್ಲವಲ್ಲ, ಅದಕ್ಕೆ ನಾವು ಒಂದು ಉಪಾಯ ಮಾಡಿಕೊಂಡಿದ್ದೆವು. ಪ್ರತಿ ಮನೆಯವರೂ ತಮ್ಮ ಊರಿನ ಮನೆಯ ಕೋವಿಯ ಫೋಟೋಕ್ಕೆ ಕಟ್ಟು ಹಾಕಿಸಿ ತರುತ್ತಿದ್ದರು. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಫೋಟೋಗಳನ್ನು ಸಾಲಾಗಿ ನಿಲ್ಲಿಸಿ, ಗಾಜಿನ ಮೇಲೆ ಗಂಧ ಹಚ್ಚಿ, ಪಕ್ಕದಲ್ಲಿ ಅಡುಗೆಮನೆಯ ಚಾಕು ಕತ್ತಿಗಳನ್ನಿಟ್ಟು ಕೈ ಮುಗಿಯುವುದು. ಸೂಪರ್‌ಮಾರ್ಕೆಟ್ಟಿನ ಹಿಂದಿನ ಬೇರೆ ಕೋಣೆಯಲ್ಲಿ ಮಾರುವ ಹಂದಿಮಾಂಸ ತಂದು, ಅವ್ವನ ಕಾಚಂಪುಳಿ ಹಾಕಿ, ಸಾರು ಮಾಡಿದ್ದರು. ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಹಬೆ ಹಜಾರದ ತುಂಬ ಇತ್ತು. ಅವ್ವ ಎಲ್ಲ ಫೋಟೋಗಳನ್ನೂ ಒಂದೊಂದಾಗಿ ನೋಡಿ, ಕೈ ಮುಗಿದು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು.

ಊಟಕ್ಕೆ ಮುಂಚೆ ಅಂಕಲ್ ಎದ್ದು ನಿಂತರು. ಅರ್ಜಿ ಗುರುವಾರವೇ ದುಬೈ ವಿಮಾನದಲ್ಲಿ ಹೊರಟಿದೆ, ಅದರ ಪ್ರತಿ ಇಲ್ಲಿದೆ ಎಂದರು. ಇಂಗ್ಲಿಷ್ ಬಾರದ ಹೆಂಗಸರಿಗಾಗಿ ತಾವೇ ಕೂತು ಅದನ್ನು ಕನ್ನಡಕ್ಕೆ ಮಾಡಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ. "ಇಷ್ಟು ಚೆಂದ ಬರೆದದ್ದು ನಮ್ಮ ಹುಡುಗಿ. ಮೊದಲ ಸಹಿ ಅವಳ ಅವ್ವನದ್ದು" ಎಂದು ನಮ್ಮ ಕಡೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಎದ್ದು ಹೋಗಿ ಆ ಕಾಗದ ಕಸಿದುಕೊಳ್ಳಬೇಕು ಅನಿಸಿತು, ಆದರೆ ಕುರ್ಚಿಯಿಂದ ಏಳಲಾಗಲಿಲ್ಲ.

ಅವರು ಸೈನ್ಯದ ಗತ್ತಿನಲ್ಲಿ ಓದಿದರು. ಆ ಸಾಲಿಗೆ ಬಂದಾಗ ಇನ್ನೂ ಗಟ್ಟಿಯಾಗಿ ಓದಿದರು.

ಅವ್ವ ಎದ್ದು ನಿಂತಳು. "ಸುಬೇದಾರರೇ, ಅದನ್ನ ಇನ್ನೊಂದ್ಸಲ ಓದಿ."

ಮೆಚ್ಚಿಕೊಂಡು ಕೇಳುತ್ತಿದ್ದಾಳೆ ಎಂದು ಅವರು ತಿಳಿದರು. ನಗುತ್ತಾ ಮತ್ತೆ ಓದಿದರು. "ನಮ್ಮ ಮನೆಗಳಲ್ಲಿ ಕೋವಿಯಿಂದ ಇವತ್ತಿನವರೆಗೆ ಒಂದು ಜೀವವೂ ಹೋಗಿಲ್ಲ."

"ನನ್ನ ಮಗ ಹೋಗಿದ್ದಾನಲ್ಲ" ಎಂದಳು ಅವ್ವ.

ಅವ್ವನ ದನಿ ಏರಲಿಲ್ಲ, ಮಾರುಕಟ್ಟೆಯಲ್ಲಿ ದಾರಿ ಕೇಳುವವಳ ಹಾಗೆ ಹೇಳಿದಳು. "ಜಗಲಿಯಲ್ಲಿ. ನಮ್ಮ ಮನೆಯದೇ ಕೋವಿ. ನಾನು ಹಿತ್ತಲ ಆಚೆ ಕಣದಲ್ಲಿ ಅಕ್ಕಿ ಕೇರ್ತಾ ಇದ್ದೆ. ಒಂದು ಗುಂಡಿನ ಸದ್ದು ಕೇಳಿತು. ಒಂದೇ. ಓ, ಯಾರ ಮನೆಯಲ್ಲೋ ಗಂಡು ಹುಟ್ಟಿತು ಅಂತ ಅಂದ್ಕೊಂಡೆ. ಖುಷಿಯಾಯ್ತು ನನಗೆ. ಯಾರಿಗೆ ದಿನ ತುಂಬಿತ್ತು ಅಂತ ಲೆಕ್ಕ ಹಾಕ್ತಾ ಕೇರ್ತಾನೇ ಇದ್ದೆ. ಮೊರದ ಅಕ್ಕಿ ಪೂರ್ತಿ ಮುಗಿಸಿ ಮನೆಗೆ ಬಂದೆ."

ಸುಬೇದಾರ್ ಅಂಕಲ್ ಕೈಯ ಕಾಗದ ಕೆಳಗಿಳಿಯಿತು. "ಅಕ್ಕಾ, ಯಾರೂ ಹೇಳಲಿಲ್ಲ ನನಗೆ. ದೇವರಾಣೆ ಗೊತ್ತಿರಲಿಲ್ಲ" ಎಂದರು. ಅಂಥ ಮನುಷ್ಯ ಎಲ್ಲರೆದುರು ಅತ್ತರು.

"ನಿಮಗೆ ಗೊತ್ತಿರಲಿಲ್ಲ, ಸರಿ" ಎಂದಳು ಅವ್ವ. ನನ್ನ ಕಡೆ ತಿರುಗಿದಳು. ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟಳು.

ವಾಪಸು ಬರುವಾಗ ಕಾರಿನಲ್ಲಿ ಹಿಂದಿನ ಸೀಟಿನಿಂದ ಒಂದೇ ಮಾತು ಬಂತು. "ನಿನ್ನ ಅಪ್ಪನ ತಪ್ಪು ಮುಚ್ಚಿಡು, ಬೇಡ ಅನ್ನಲ್ಲ. ನಾನೂ ಮುಚ್ಚಿಟ್ಟಿದ್ದೇನೆ. ಅದಕ್ಕೆ ಅವನು ಹುಟ್ಟೇ ಇಲ್ಲ ಅಂತ ಬರೆದುಬಿಡ್ತೀಯಾ? ಅದರ ಕೆಳಗೆ ನನ್ನ ಕೈಯಲ್ಲೇ ಸಹಿ ಹಾಕಿಸ್ತೀಯಾ?" ನನ್ನ ಗಂಡ ಸ್ಟಿಯರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ಕ್ಷಮೆ ಕೇಳಲು ಬಾಯಿ ತೆರೆದರೆ ಅಳು ಮಾತ್ರ ಬಂತು.

ಆಮೇಲಿನ ದಿನಗಳಲ್ಲಿ ಅವ್ವ ಎಲ್ಲವನ್ನೂ ಮಾಡಿದಳು. ಆಫೀಸಿನಿಂದ ಬಂದರೆ ಬಿಸಿನೀರು ಕಾದಿರುತ್ತಿತ್ತು, ಊದಿದ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಮಾತು ಮಾತ್ರ ಬೇಕಾದಷ್ಟೇ. ತಾನು ನನ್ನ ತಟ್ಟೆಗೆ ಬಡಿಸಿ, ತನ್ನ ತಟ್ಟೆ ಹಿಡಿದು ಅಡುಗೆಮನೆಗೆ ಹೋಗಿ ನಿಂತು ತಿನ್ನುತ್ತಿದ್ದಳು. ಅದನ್ನು ನೋಡಿ ಒಂದು ದಿನ ನನಗೆ ಸಿಟ್ಟೇ ಬಂತು. "ಬೈಯಬಾರದಾ ಅವ್ವ, ಎರಡು ಹೊಡೆದುಬಿಡು ಬೇಕಾದರೆ!" ಎಂದು ಕೂಗಾಡಿದೆ.

"ಬೈದರೆ ಏನು ಬರ್ತದೆ" ಎಂದಳು. "ಆ ಸಾಲು ಹೊಡೆದುಹಾಕಿಸು. ಆಗದಿದ್ರೆ ನನ್ನ ಸಹಿ ತೆಗೆಸಿಕೊಡು. ನಾನು ಸತ್ತ ಮೇಲೆ ಅವನ ಮುಖ ನೋಡ್ಬೇಕಲ್ಲ."

ಸುಬೇದಾರ್ ಅಂಕಲ್‌ಗೆ ಹೇಳಿದೆ. ಅವರಿಗೆ ಅಷ್ಟೇ ಸಾಕಾಗಿತ್ತು. ಊರಿಗೆ ಮೇಲಿಂದ ಮೇಲೆ ಫೋನ್ ಮಾಡಿದರು, ಫ್ಯಾಕ್ಸ್ ಕಳಿಸಿದರು, ಕಾಗದ ಒಯ್ದವರನ್ನು ಹುಡುಕಿಸಿದರು. ಹತ್ತು ಹನ್ನೆರಡು ದಿನವಾದ ಮೇಲೆ ನನ್ನ ಆಫೀಸಿಗೆ ಬಂದರು. ರಿಸೆಪ್ಶನ್ನಿನ ಸೋಫಾದಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದರು. ಇಲ್ಲಿಯ ಅರ್ಜಿಯನ್ನು ಬೇರೆಲ್ಲ ಅರ್ಜಿಗಳ ಜೊತೆ ಒಂದೇ ಕಟ್ಟು ಮಾಡಿ ಸರ್ಕಾರಕ್ಕೆ ಕೊಟ್ಟಾಗಿದೆಯಂತೆ. ಇನ್ನು ಯಾರ ಕೈಗೂ ಸಿಗುವುದಿಲ್ಲವಂತೆ. ಆ ಸಾಲೇ ಎಲ್ಲಕ್ಕಿಂತ ಚೆನ್ನಾಗಿದೆ, ಅದನ್ನೇ ಉಳಿದವರೂ ತಮ್ಮ ಅರ್ಜಿಯಲ್ಲಿ ಬರೆದುಕೊಂಡರು ಎಂದು ಅಲ್ಲಿಯವರು ಹೇಳಿದರಂತೆ.

"ಆಗಲಿಲ್ಲ ಮಗಳೇ. ಅಕ್ಕನ ಕಾಲು ಹಿಡಿದು ನಾನೇ ಹೇಳ್ತೇನೆ, ಸಂಜೆ ಬರಲಾ?" ಎಂದು ಕೇಳಿದರು.

"ಬೇಡ ಅಂಕಲ್. ನಾನೇ ಹೇಳ್ತೇನೆ" ಎಂದೆ.

ನಿಜವನ್ನೇ ಹೇಳಬೇಕು ಎಂದುಕೊಂಡೇ ಮನೆಗೆ ಹೋದೆ. ಬಾಗಿಲು ತೆಗೆದ ಅವ್ವ ನನ್ನ ಮುಖ ನೋಡಿ, "ಏನಾಯ್ತು, ಹೇಳಿದ್ರಾ ಅವರು?" ಎಂದಳು. ಆ ಕಣ್ಣಿನಲ್ಲಿ ಇದ್ದ ಆಸೆಯನ್ನು ನೋಡಿ ನನ್ನ ನಾಲಗೆ ತಿರುಗಿತು.

"ಹೊಡೆದುಹಾಕಿದ್ದಾರೆ ಅವ್ವ."

"ನೀನೇ ನೋಡಿದ್ಯಾ?"

"ನೋಡಿದೆ. ಫ್ಯಾಕ್ಸ್ ಬಂದಿದೆ. ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಎಳೆದಿದ್ದಾರೆ." ಫ್ಯಾಕ್ಸಿನಲ್ಲಿ ಕೆಂಪು ಬಣ್ಣ ಬರುವುದಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು.

"ಕಾಡತೂಸಿನ ಮಾತು?"

"ಅದನ್ನೂ ಸೇರಿಸಿದ್ದಾರೆ."

ಅವ್ವ ಬಾಗಿಲ ಹತ್ತಿರವೇ ನೆಲದ ಮೇಲೆ ಕೂತು ಅತ್ತಳು. ತಮ್ಮ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿಲ್ಲ. ಆಮೇಲೆ ಮುಖ ತೊಳೆದು, ಎರಡು ತಟ್ಟೆ ತಂದು, ನನ್ನ ಎದುರಿಗೆ ಕೂತು ಊಟ ಮಾಡಿದಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿ, ಬಸುರಿಯ ವಾಕರಿಕೆ ಎಂದೆ.

ನವೆಂಬರಿನಲ್ಲಿ ಗಂಡು ಮಗು ಹುಟ್ಟಿತು. ನನ್ನ ಗಂಡ ಆಸ್ಪತ್ರೆಯಿಂದಲೇ ತಮ್ಮ ಅಪ್ಪನಿಗೆ ಫೋನ್ ಮಾಡಿ ಸುದ್ದಿ ಹೇಳಿದರು. ಕೋವಿ ಹಿಡಿದು ಅಂಗಳಕ್ಕೆ ಹೊರಟಿದ್ದವರಿಗೆ, "ಈ ಸಲ ಗುಂಡು ಬೇಡ ಅಪ್ಪಾ, ಕಾರಣ ಆಮೇಲೆ ಹೇಳ್ತೇನೆ" ಎಂದರಂತೆ. ಅವರು ಆ ಇಡೀ ಗಲಾಟೆಯಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದೇ, ಅದಕ್ಕೆ ಅವರ ಉಳಿದ ತಪ್ಪುಗಳನ್ನೆಲ್ಲ ನಾನು ಬಿಟ್ಟುಕೊಟ್ಟಿದ್ದೇನೆ.

ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಅವ್ವ ಮಗುವಿಗೆ ಎಣ್ಣೆ ನೀರು ಮಾಡಿಸಿ, ಕಾಲ ಮೇಲೆ ಮಲಗಿಸಿಕೊಂಡು, ಮೈ ಒರೆಸುತ್ತಾ ನನ್ನ ತಮ್ಮನ ಹೆಸರು ಹೇಳಿದಳು. ಎಂಟು ವರ್ಷದಲ್ಲಿ ಅವಳ ಬಾಯಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ಮಗುವನ್ನೇ ಕರೆಯುತ್ತಿದ್ದಾಳೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಇದೇ ಹೆಸರಿಡು" ಎಂದಳು. "ನೀನು ಬರೆದ ದಿನ ನನ್ನ ಎದೆ ಒಡೆದಿತ್ತು. ಆದ್ರೆ ತಪ್ಪು ಅಂತ ಗೊತ್ತಾದ ಮೇಲೆ ಅವನಿಗೋಸ್ಕರ ಅಷ್ಟು ದೊಡ್ಡವರ ಹತ್ತಿರ ಹೋಗಿ ಆ ಸಾಲು ತೆಗೆಸಿದ್ಯಲ್ಲ. ಯಾವ ಅಕ್ಕ ಮಾಡ್ತಾಳೆ? ಈ ಹೆಸರು ಕರೀಲಿಕ್ಕೆ ನಿನಗೆ ಮಾತ್ರ ಹಕ್ಕಿದೆ."

ಆಗಲಾದರೂ ಹೇಳಬಹುದಿತ್ತು. ಮಗು ಅವಳ ಕಾಲ ಮೇಲೆ ಇತ್ತು, ಅವಳು ನಗುತ್ತಿದ್ದಳು, ನಾನು ತಲೆಯಾಡಿಸಿದೆ. ಆ ಮಸೂದೆ ಏನಾಯಿತೋ ಆಮೇಲೆ ಯಾರೂ ಮಾತೇ ಎತ್ತಲಿಲ್ಲ. ಅರ್ಜಿಗಳ ಆ ಕಟ್ಟು ಯಾವ ಕಚೇರಿಯ ಯಾವ ಕಪಾಟಿನಲ್ಲಿದೆಯೋ, ಅದರಲ್ಲಿ ನನ್ನ ದಪ್ಪಕ್ಷರದ ಸಾಲೂ ಅವ್ವನ ಸಹಿಯೂ ಹಾಗೆಯೇ ಇರಬೇಕು. ಅವ್ವ ಆರು ವರ್ಷದ ಮೇಲೆ ಊರಿನಲ್ಲಿ ತೀರಿಕೊಂಡಳು. ನನ್ನ ಮಗ ಈಗ ನನಗಿಂತ ಎತ್ತರ ಬೆಳೆದಿದ್ದಾನೆ. ಇಷ್ಟು ಹಳೆಯ ಕಾಲದ ಹೆಸರು ಯಾಕಿಟ್ಟೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ಅಜ್ಜಿ ಇಟ್ಟದ್ದು ಎಂದು ಹೇಳುತ್ತೇನೆ, ಊಟಕ್ಕೆ ಬಾ ಎಂದು ಅದೇ ಹೆಸರು ಹಿಡಿದು ಕೂಗುತ್ತೇನೆ.